ಅಪರಿಚಿತರ ಪಕ್ಕದ ಸೀಟು

ಕಳೆದ ವಾರ ಬೈಲಹೊಂಗಲದಿಂದ ಕಿತ್ತೂರಿಗೆ ಹೊರಟ ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡಿತು. ಕಿಟಕಿಯಿಂದ ಹಸಿ ಕಬ್ಬಿನ ವಾಸನೆ ಒಳಗೆ ನುಗ್ಗಿತು. ಎಷ್ಟೋ ವರ್ಷಗಳಿಂದ ಎ.ಸಿ. ಕಾರಿನ ಗಾಜು ಏರಿಸಿಕೊಂಡೇ ಓಡಾಡಿದವಳು ನಾನು. ಆ ವಾಸನೆಗೆ ನಮ್ಮೂರ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಅಕ್ಕೋರು ನೆನಪಾದರು.

ತಿಂಗಳಿಗೊಂದು ಭಾನುವಾರ ಅವರು ಹುಡುಗಿಯರನ್ನು ಕೆಂಪು ಬಸ್ಸಿನಲ್ಲಿ ಹೊರಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಮುರಗೋಡ, ಒಮ್ಮೆ ಸವದತ್ತಿ. ಅವರದೊಂದು ರೂಲ್ ಇತ್ತು: ಗೆಳತಿಯರು ಜೊತೆಯಾಗಿ ಕೂರುವಂತಿಲ್ಲ. ಪ್ರತಿ ಹುಡುಗಿಯೂ ಗುರುತಿಲ್ಲದ ಹೆಂಗಸಿನ ಪಕ್ಕ ಕೂತು, ಆಕೆಯ ಊರಿನ ಒಂದು ಸಂಗತಿ ಕೇಳಿಕೊಂಡು, ಸೋಮವಾರ ಕ್ಲಾಸಿನಲ್ಲಿ ಹೇಳಬೇಕು. ಊರು ಮುಟ್ಟಿದ ಮೇಲೆ ಶುರುವಾಗುವುದು ಬರೀ ನೋಡುವುದು, ಪ್ರವಾಸ ಬಸ್ಸಿನಲ್ಲೇ ಮುಗಿದಿರುತ್ತದೆ ಎನ್ನುತ್ತಿದ್ದರು.

ಅದೇ ಕೆಲವರ ಕಣ್ಣು ಕುಕ್ಕಿತು. ದೊಡ್ಡ ಮನೆತನದ ಹುಡುಗಿಯರು ಯಾರ್ಯಾರದೋ ಪಕ್ಕ ಕೂತು, ಅವರ ಬುತ್ತಿಯ ರೊಟ್ಟಿ ತಿಂದು ಬರುವುದೆಂದರೇನು! ಅದೇ ವರ್ಷ ಗಂಡುಹುಡುಗರ ಶಾಲೆಯವರು ಗೋವಾಕ್ಕೆ ಹೋಗಿ ಬಂದರು. ಒಬ್ಬರೂ ತುಟಿ ಎರಡು ಮಾಡಲಿಲ್ಲ.

ನನ್ನ ಮಾವನವರು ಶಾಲೆಯ ಕಮಿಟಿಯಲ್ಲಿದ್ದರು. ಬೆಳಗಾವಿಯಿಂದ ಮದುವೆಯಾಗಿ ಬಂದ ಹೊಸತು ನಾನು. ಪಡಸಾಲೆಯಲ್ಲಿ ಎಲ್ಲರ ಮುಂದೆ ಮಾವನವರು, "ನಮ್ಮ ಸೊಸಿ ಕಾನ್ವೆಂಟಿನ್ಯಾಗ ಕಲ್ತಾಕಿ. ಅಕ್ಕೋರ ಮ್ಯಾಲಿನ ಅರ್ಜಿ ಇಂಗ್ಲಿಷಿನ್ಯಾಗ ಬರಸೋಣು. ಕನ್ನಡದಾಗ ಬರದ್ರ ಶಿಕ್ಷಣ ಇಲಾಖೆ ಸಾಹೇಬ್ರು ಕಣ್ಣ ಎತ್ತಿ ನೋಡಂಗಿಲ್ಲ," ಎಂದರು. ನಾನು ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಹೊಗಳಿಕೆಗೆ ಉಬ್ಬಿ, ಇನ್‌ಡಿಸಿಪ್ಲಿನ್, ಮಾರಲ್ ಡೇಂಜರ್ ಎಂದೆಲ್ಲ ನಾನೇ ಹುಡುಕಿ ಹುಡುಕಿ ಹಾಕಿದೆ. ಛೀ!

ಪ್ರವಾಸ ನಿಂತಿತು. ಅಕ್ಕೋರನ್ನು ರಾಮದುರ್ಗಕ್ಕೆ ಕಳಿಸಿದರು. ವರ್ಷಗಳ ಮೇಲೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಎದುರಾದರು. ನಾನು ತಲೆ ತಗ್ಗಿಸಿದೆ. ಅವರೇ ಹತ್ತಿರ ಬಂದು, "ನಿಮ್ಮ ಅರ್ಜಿ ನನಗೂ ತೋರಿಸಿದ್ರು. ಇಂಗ್ಲಿಷ್ ಭಾಳ ಚಂದ ಐತ್ರಿ ನಿಮ್ದು," ಎಂದು ನಕ್ಕು ಬಸ್ಸು ಹತ್ತಿದರು. ತಪ್ಪಾಯಿತು ಎನ್ನಲೂ ನಾಲಿಗೆ ಹೊರಳಲಿಲ್ಲ...

ಕಳೆದ ವಾರ ನನ್ನನ್ನು ಬಸ್ಸಿಗೆ ಹತ್ತಿಸಿದವಳು ಪಕ್ಕದ ಮನೆಯಾಕೆ. ಅಕ್ಕೋರ ಕೈಯಲ್ಲಿ ಕಲಿತವಳು, ಈಗ ಮೊಮ್ಮಕ್ಕಳಿದ್ದಾರೆ. ಕಿತ್ತೂರಿನಿಂದ ದೇಗಾಂವಕ್ಕೆ ಹೋದೆವು. ಕಮಲನಾರಾಯಣ ಗುಡಿಯ ತಂಪು ಕಲ್ಲಿನ ಮೇಲೆ ಕಾಲು ಚಾಚಿ ಕೂತೆವು. ಯುರೋಪ್ ಟೂರಿನಲ್ಲಿ ಧ್ವಜ ಹಿಡಿದ ಗೈಡಿನ ಹಿಂದೆ ಓಡುವಾಗ ಸಿಗದ ಖುಷಿ ಅಲ್ಲಿತ್ತು. ಗಡಿಬಿಡಿ ಇರಲಿಲ್ಲ. ಕಂಬಗಳನ್ನು ಒಂದೊಂದಾಗಿ ಕೈಯಿಂದ ಸವರಿ ನೋಡಿದೆವು.

"ಇಷ್ಟ ಹತ್ರ ಇದ್ರೂ ಇವತ್ತ ನೋಡಾಕತ್ತೀನ್ರಿ ಬಾಯಾರ," ಎಂದಳು. "ಅಕ್ಕೋರು ಮುಂದಿನ ತಿಂಗಳು ಇಲ್ಲೇ ಕರಕೊಂಡ ಬರ್ತೀನಿ ಅಂದಿದ್ರು. ಬುತ್ತಿಗೆ ಏನ್ ಕಟ್ಟಬೇಕು ಅಂತ ನಾವು ಜಗಳಾನೂ ಆಡಿದ್ವಿ."

ನನ್ನ ಮೇಲೆ ನನಗೇ ಉರಿದುಬಂತು. ಪ್ರವಾಸ ನಿಲ್ಲಿಸಿದ ಅರ್ಜಿ ಬರೆದವಳು ನಾನೇ ಎಂದು ಹೇಳಿಬಿಟ್ಟೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಕ್ಕೋರು ನಮಗೇನೂ ಹೇಳ್ಲಿಲ್ರೀ," ಎಂದಳು. "ಕೊಟ್ಟ ಮಾತ ತಪ್ಪಿದ್ರು ಅಂತ ಅವರು ಊರು ಬಿಡೋ ದಿನಾ ನಾವು ಯಾರೂ ಹೋಗಿ ಮಾತಾಡಿಸ್ಲಿಲ್ಲ."

ಕಮಿಟಿಯವರು ಯಾರೂ ಈಗಿಲ್ಲ, ಅವರನ್ನು ಬೈದು ಏನು ಮಾಡಲಿ. ಅಕ್ಕೋರೂ ತೀರಿಹೋಗಿ ಎಷ್ಟೋ ವರ್ಷಗಳಾದವು. ಆ ಹುಡುಗಿಯರ ಸಿಟ್ಟು ನನಗೆ ಸೇರಬೇಕಾದದ್ದಾಗಿತ್ತು. ಅದನ್ನು ಅಕ್ಕೋರು ಹೊತ್ತುಕೊಂಡೇ ಹೋದರು.