ಹತ್ತು ನಿಮಿಷ ಹಿಂದಿದ್ದ ಗಡಿಯಾರ

ಗಡಿಯಾರ ಸರಿ ಮಾಡಲು ಹೋಗಿ ಒಬ್ಬ ಮನುಷ್ಯನ ಜೀವ ತೆಗೆಯುವವನಿದ್ದೆ ನಾನು. ಎಂಬತ್ತರ ದಶಕದ ಮಾತು. ಮಧುಗಿರಿ ಹತ್ತಿರದ ಒಂದು ಸಣ್ಣ ಕರೆಂಟ್ ಸ್ಟೇಷನ್ನಿಗೆ ಆಪರೇಟರ್ ಆಗಿ ವರ್ಗವಾಗಿ ಬಂದಿದ್ದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಏನಾದರೂ ಓರೆಯಾಗಿ ಕಂಡರೆ ನೆಟ್ಟಗೆ ಮಾಡುವವರೆಗೆ ಅನ್ನ ರುಚಿಸುತ್ತಿರಲಿಲ್ಲ.

ಅಲ್ಲಿ ಕಂಡದ್ದು ಗಡಿಯಾರಗಳ ಅಧ್ವಾನ. ನಮ್ಮದು, ಸಿರಾ ಕಡೆಯದು, ಕೊರಟಗೆರೆ, ಪಾವಗಡ ಕಡೆಯವು, ನಾಲ್ಕೂ ಸ್ಟೇಷನ್ನುಗಳು ಒಂದೇ ಲೈನಿನಲ್ಲಿ ಒಂದಕ್ಕೊಂದು ಸೇರಿಕೊಂಡಿದ್ದವು. ಗಾಳಿಗೆ ಕರೆಂಟು ಹೋದರೆ ನಾಲ್ವರೂ ಹೊತ್ತು ಬರೆದಿಡಬೇಕು. ಮೊದಲು ಎಲ್ಲಿ ಹೋಯಿತೋ ಆ ಕಡೆ ಆಳು ಕಳಿಸುವುದು. ಆದರೆ ಸಿರಾದವರು ನಾಲ್ಕು ಗಂಟೆ ಎಂದು ಬರೆದದ್ದು ಕೊರಟಗೆರೆಯವರ ಪುಸ್ತಕದಲ್ಲಿ ನಾಲ್ಕೂಕಾಲು, ನಮ್ಮದರಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಬಾಕಿ! ಕೊರಟಗೆರೆ ಕಡೆಯ ಕೊಳಾಲಕ್ಕೆ ಹೋಗಬೇಕಾದವರು ಸಿರಾ ಕಡೆಯ ಕಳ್ಳಂಬೆಳ್ಳದಲ್ಲಿ ಕಂಬ ಎಣಿಸುತ್ತ ಅಲೆಯುತ್ತಿದ್ದರು. ಥೂ, ಇದೂ ಒಂದು ಕೆಲಸವೇ ಅನ್ನಿಸಿತು.

ದಿನಾ ಬೆಳಿಗ್ಗೆ ಏಳಕ್ಕೆ ರೇಡಿಯೋ ಪೀಪ್ ಪೀಪ್ ಎಂದ ಕೂಡಲೇ ಮೂರು ಕಡೆಗೂ ಫೋನ್ ಮಾಡಿ ಮುಳ್ಳು ತಿರುಗಿಸಿ ಎನ್ನುತ್ತಿದ್ದೆ. "ಅರೇ ಭಾಯಿ, ತಿರುಗಿಸ್ತೀನಿ ಬಿಡಿ, ಯಾಕಿಷ್ಟು ಫಿಕರ್?" ಎನ್ನುತ್ತಿದ್ದರು ಸಿರಾದವರು. ಪಾವಗಡದವನು, "ಅಯ್ದು ನಿಮಿಷಕ್ಕೆ ಪ್ರಾಣ ತೀಸ್ತಾವೇಮಯ್ಯಾ!" ಎಂದು, ಪ್ರಾಣ ತೆಗೀತೀಯಲ್ಲ ಅನ್ನುವುದನ್ನು ತೆಲುಗಿನಲ್ಲೇ ರೇಗುತ್ತಿದ್ದ. ಮಾರನೆಯ ದಿನ ನೋಡಿದರೆ ಮತ್ತೆ ಅದೇ ರಾಗ. ತಲೆ ಕೆಟ್ಟು, ರಜೆಯ ದಿನ ಬಸ್ಸು ಹತ್ತಿ ನಾನೇ ಹೋದೆ. ಸಿರಾದವರ ಗಡಿಯಾರ ಗೋಡೆಗೆ ಓರೆಯಾಗಿ ನೇತುಬಿದ್ದು ಲೋಲಕ ಕುಂಟುತ್ತಿತ್ತು. ಪಾವಗಡದಲ್ಲಿ ಯಾರೂ ನೆನಪಿಟ್ಟು ಕೀಲಿ ಕೊಡುತ್ತಿರಲಿಲ್ಲ. ಕೊರಟಗೆರೆಯಲ್ಲಿ ಬೆಳಗಿನ ಪಾಳಿಯವನು ಬೇಗ ಮನೆಗೆ ಹೋಗಲೆಂದು ತಾನೇ ಮುಂದೆ ತಿರುಗಿಸುತ್ತಿದ್ದ! ಅವನನ್ನು ಬಾಯಿಗೆ ಬಂದಂತೆ ಬೈದು ಬಂದೆ.

ಉಳಿದದ್ದು ನಮ್ಮದು, ಹತ್ತು ನಿಮಿಷ ಹಿಂದೆ. ನನ್ನ ಜೊತೆಯ ಹಿರಿಯ ಆಪರೇಟರು, "ಅದನ್ನ ಮುಟ್ಬ್ಯಾಡ ಕಣಯ್ಯ, ಅಂಗೇ ಇರ್ಲಿ ಬುಡು" ಎಂದಿದ್ದರು. ಯಾಕೆ ಎಂದು ಕೇಳುವಷ್ಟು ವ್ಯವಧಾನ ನನಗೆಲ್ಲಿತ್ತು? ಒಂದು ಬೆಳಿಗ್ಗೆ ರೇಡಿಯೋಗೆ ಸರಿಯಾಗಿ ತಿರುಗಿಸಿಬಿಟ್ಟೆ. ನಾಲ್ಕೂ ಗಡಿಯಾರ ಒಂದೇ ಹೊತ್ತು ಹೇಳಿದವು. ಖುಷಿಗೆ ಎರಡು ಸಲ ಕಾಫಿ ಕುಡಿದೆ.

ಅವತ್ತೇ ಐ.ಡಿ.ಹಳ್ಳಿ ಕಡೆ ಲೈನ್‌ಮನ್ ಒಬ್ಬ ಕಂಬ ಹತ್ತುವವನಿದ್ದ. ಹಿಂದಿನ ಸಂಜೆಯೇ ಬಂದು, "ನಾಳೆ ಹತ್ತಕ್ಕೆ ಲೈನ್ ತೆಗೀರಿ ಸಾಮಿ, ಹನ್ನೆರಡಕ್ಕೆ ಕೊಟ್ಬುಡಿ" ಎಂದು ಹೇಳಿ ಹೋಗಿದ್ದ. ಆ ಹೊಲಗಳ ನಡುವೆ ಫೋನೆಲ್ಲಿ ಬರಬೇಕು? ಲೈನ್‌ಮನ್ ಕೆಳಗಿಳಿದೆನೆಂದು ತಾನೇ ಹೇಳುವವರೆಗೆ ಗಡಿಯಾರ ನಂಬಿ ಕರೆಂಟು ಬಿಡಬಾರದೆಂದು ನಿಯಮವಿತ್ತು. ನಡೆಯುತ್ತಿದ್ದುದು ಮಾತ್ರ ಗಡಿಯಾರ ನಂಬಿಯೇ.

ಹತ್ತಕ್ಕೆ ಆ ಲೈನಿನ ಕರೆಂಟು ತೆಗೆದೆ. ಹನ್ನೆರಡು ಬಡಿಯಿತು. ಸ್ವಿಚ್ಚು ಹಾಕಿದೆ. ಢಂ ಎಂದು ಸದ್ದಾಗಿ ತಾನೇ ಬಿದ್ದುಹೋಯಿತು. ಒಮ್ಮೆ ಬಿದ್ದರೆ ಇನ್ನೊಮ್ಮೆ ಹಾಕಿ ನೋಡುವುದು ನಮ್ಮ ರೂಢಿ. ಹಾಳಾದ್ದು ಎಂದು ಬೈಯುತ್ತ ಮತ್ತೆ ಹಿಡಿಗೆ ಕೈಹಾಕಿದೆ.

ಸದ್ದು ಕೇಳಿ ಹಿಂದಿನ ಕ್ವಾರ್ಟರ್ಸ್‌ನಿಂದ ಹಿರಿಯರು ಊಟದ ಕೈಯಲ್ಲೇ ಓಡಿಬಂದರು. ಗಡಿಯಾರ ನೋಡಿದರು, ತಮ್ಮ ಕೈಗಡಿಯಾರ ನೋಡಿಕೊಂಡರು. "ಲೇ, ತಿರುಗಿಸ್ಬುಟ್ಯಾ? ಕೈ ತೆಗೆಯೋ! ನಮ್ ಗಡಿಯಾರ ಹತ್ತು ನಿಮಿಷ ಹಿಂದೆ ಅಂತ ಲೈನ್‌ಮನ್‌ಗಳಿಗೆಲ್ಲ ಗೊತ್ತು. ನಮ್ ಹನ್ನೆರಡು ಅಂದ್ರೆ ಅವ್ರಿಗೆ ಹನ್ನೆರಡೂ ಹತ್ತು. ಅವನಿನ್ನೂ ಕಂಬದ ಮ್ಯಾಲೇ ಅವ್ನೆ!"

ಹಿಡಿಯಿಂದ ಕೈ ಬಿಡಿಸಿಕೊಳ್ಳುವುದೇ ಮರೆತುಹೋಯಿತು ನನಗೆ. ಅವರೇ ಬಿಡಿಸಿದರು. ಲೈನ್‌ಮನ್ ಹೇಗಿದ್ದಾನೆ ನೋಡುವಂತೆ ಐ.ಡಿ.ಹಳ್ಳಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸಿದರು. ಸಂಜೆಯವರೆಗೆ ಗೇಟಿಗೂ ಒಳಕ್ಕೂ ಎಷ್ಟು ಸಲ ತಿರುಗಿದೆನೋ. ಪ್ರತಿ ಬಸ್ಸಿನ ಸದ್ದಿಗೂ ರಸ್ತೆಗೆ ಓಡುತ್ತಿದ್ದೆ.

ಐದರ ಬಸ್ಸಿನಿಂದ ಆ ಲೈನ್‌ಮನ್ನೇ ಇಳಿದು ಬಂದ. ಬಲಗೈಗೆ ಒದ್ದೆ ಟವೆಲು ಸುತ್ತಿತ್ತು. ಹತ್ತುವ ಮೊದಲು ಲೈನಿಗೂ ನೆಲಕ್ಕೂ ಸರಪಳಿ ಹಾಕಿಕೊಂಡಿದ್ದನಂತೆ. ಕರೆಂಟೆಲ್ಲ ಅದರಲ್ಲಿ ನೆಲಕ್ಕೆ ಇಳಿದುಹೋಗಿ, ನಮ್ಮ ಸ್ವಿಚ್ಚು ಬಿದ್ದದ್ದೂ ಅದಕ್ಕೇ, ಕಿಡಿ ಸಿಡಿದು ಅಂಗೈ ಮಾತ್ರ ಸುಟ್ಟಿತ್ತು. ತಪ್ಪಾಯಿತಪ್ಪಾ, ತಪ್ಪಾಯಿತು ಎನ್ನುತ್ತ ಅತ್ತುಬಿಟ್ಟೆ.

ಅವನು ಬೈಯಲಿಲ್ಲ. ಗೋಡೆಯ ಗಡಿಯಾರವನ್ನು ನೋಡಿದ, ಎಡಗೈಯ ವಾಚು ನೋಡಿಕೊಂಡ.

"ಸರಿ ಮಾಡಿದ್ದು ಒಳ್ಳೇದೇ ಸಾಮಿ. ಮೂರೂರಿಗೂ ಫೋನ್ ಮಾಡಿ ಯೋಳ್ತಿದ್ರಂತೆ. ಕಂಬದ ಮ್ಯಾಲಿರೋನ್ಗೂ ಒಂದ್ ಮಾತ್ ಯೋಳ್ಬಾರ್ದಾಗಿತ್ತಾ?"