ಹಾಳೆಯಾಚೆಗಿನ ಲೆಕ್ಕ

ಎಂಬತ್ತಕ್ಕೆ ಹತ್ತೊಂಬತ್ತು. ಮೂರು ದಿನದಿಂದ ಈ ಅಂಕಿ ಜೆರಾಕ್ಸ್ ಅಕ್ಕನ ತಲೆಯೊಳಗೆ ಕೊರೆಯುತ್ತಿತ್ತು. ಮೆಟ್ಟಿಲು ಹತ್ತುತ್ತ ಬಾಯಲ್ಲೇ ವರ್ಗಮೂಲ ಹೇಳುವ ಮಗಳಿಗೆ ಗಣಿತದಲ್ಲಿ ಹತ್ತೊಂಬತ್ತು ಬರುವುದೆಂದರೇನು? ಪುಟ್ಟಿಯನ್ನು ಕೇಳಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಶಾಲೆಯ ಎದುರಿಗಿದ್ದ ಭಾವನ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಜೆರಾಕ್ಸ್ ತೆಗೆಯುತ್ತ ಇಡೀ ಬೀದಿಗೆ ಅಕ್ಕನಾದವಳು ಅವಳು. ಆ ಕೆಲಸಕ್ಕೆ ಸೇರಿದ್ದೇ ಮಗಳಿಗಾಗಿ. ಪುಟ್ಟಿಗೆ ಹುಟ್ಟಿದಾಗಿನಿಂದ ದೃಷ್ಟಿ ಮಂದ. ಅಕ್ಷರ ಕಿರುಬೆರಳ ಉಗುರಿನಷ್ಟಿದ್ದರೆ ಮಾತ್ರ ಓದುತ್ತಾಳೆ. ಒಂದನೇ ತರಗತಿಯಿಂದ ಒಂಬತ್ತನೆಯವರೆಗೆ ಪ್ರತಿಯೊಂದು ಪುಸ್ತಕವನ್ನೂ ಅಕ್ಕ ಹಾಳೆ ಹಾಳೆಯಾಗಿ ದೊಡ್ಡದು ಮಾಡಿ, ದಬ್ಬಣದಲ್ಲಿ ಹೊಲಿದು ಕೊಟ್ಟಿದ್ದಳು. ಪರೀಕ್ಷೆಯಲ್ಲೂ ದೊಡ್ಡ ಅಕ್ಷರ ಕೊಡಬೇಕೆಂಬ ಆದೇಶಕ್ಕಾಗಿ ಶಿಕ್ಷಣ ಕಚೇರಿಗೆ ಎಷ್ಟು ಅಲೆದಿದ್ದಳೆಂದರೆ, ಅಲ್ಲಿನ ಕಾವಲುಗಾರ, "ನಿಮಗೂ ಒಂದು ಕುರ್ಚಿ ಮೇಜು ಹಾಕಿಸಿಬಿಡ್ಲಾ ಅಕ್ಕ?" ಎಂದು ನಕ್ಕಿದ್ದ. ಆದೇಶವೇನೋ ಬಂತು.

ಶುಕ್ರವಾರ ಹೆಡ್ ಮೇಡಂ ಕರೆಸಿದರು. ಮೇಜಿನ ಮೇಲೆ ಪುಟ್ಟಿಯ ಉತ್ತರಪತ್ರಿಕೆ, ಪಕ್ಕದಲ್ಲಿ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವ ಅರ್ಜಿ.

"ನೋಡಮ್ಮ, ಆದೇಶದಲ್ಲಿದ್ದದ್ದೆಲ್ಲ ಮಾಡಿದೀವಿ. ದೊಡ್ಡ ಅಕ್ಷರ ಕೊಟ್ವಿ, ಬೇರೆ ರೂಮ್ ಕೊಟ್ವಿ, ಒಂದು ಗಂಟೆ ಜಾಸ್ತಿ ಕೊಟ್ವಿ. ಇಷ್ಟೆಲ್ಲ ಕೊಟ್ಟ ಮೇಲೂ ಹತ್ತೊಂಬತ್ತು ಅಂದ್ರೆ ತೊಂದರೆ ಕಣ್ಣಿಂದಲ್ಲ. ಗಣಿತ ಬಿಡಿಸಿಬಿಡಿ, ಮಗು ನೆಮ್ಮದಿಯಾಗಿರತ್ತೆ. ನಾಳೆ ಮಧ್ಯಾಹ್ನದೊಳಗೆ ಸಹಿ ಮಾಡಿ ಕೊಡಿ."

"ಪ್ರಶ್ನೆಪತ್ರಿಕೆ ಒಂದ್ಸಲ ನೋಡಬಹುದಾ ಮೇಡಂ?"

"ಅದರಲ್ಲಿ ನೋಡೋಕೇನಿದೆ? ದೊಡ್ಡ ಅಕ್ಷರದ್ದು ಕೊಟ್ಟಿದಾರೆ ಅಂತ ನೀವೇ ಸಹಿ ಹಾಕಿದೀರಲ್ಲ." ಹಾಗೆಂದರೂ ಕಡತದಿಂದ ಹಾಳೆಗಳನ್ನು ತೆಗೆದು ಮುಂದೆ ತಳ್ಳಿದರು.

ಸಹಿ ಹಾಕಿದ್ದು ನಿಜವೇ. ಪರೀಕ್ಷೆಯ ದಿನ ಬೆಳಗ್ಗೆ, ಪತ್ರಿಕೆಯ ಲಕೋಟೆ ಒಡೆಯುವ ಮೊದಲೇ, ಗೇಟಿನ ಬಳಿ ನಿಲ್ಲಿಸಿ ಹಾಕಿಸಿಕೊಂಡಿದ್ದರು.

ಅಕ್ಷರಗಳು ದಪ್ಪಗೆ, ದುಂಡಗೆ ಇದ್ದವು. ಆದರೆ ಹಾಳೆಗೆ ಬಲಗಡೆಯ ಅಂಚೇ ಇರಲಿಲ್ಲ. ಪ್ರತಿ ಸಾಲೂ ತುದಿಯವರೆಗೆ ಓಡಿ ಅಲ್ಲೇ ತುಂಡಾಗಿತ್ತು. 'ಒಂದು ತೊಟ್ಟಿಯನ್ನು ಎರಡು ನಲ್ಲಿಗಳು ಕ್ರಮವಾಗಿ ಆರು' ಎಂಬಲ್ಲಿಗೆ ಮುಗಿಯಿತು. ಆರು ಏನು, ಇನ್ನೊಂದಕ್ಕೆಷ್ಟು, ಎಲ್ಲ ಕಾಗದದಾಚೆ. ಪುಟದ ಕೆಳಗಿನ ಲೆಕ್ಕಗಳಂತೂ ಇಡಿಯಾಗಿ ಮಾಯ. ಅಕ್ಷರ ದೊಡ್ಡದಾದರೆ ಹಾಳೆಯೂ ದೊಡ್ಡದಾಗಬೇಕೆಂದು ಅವಳು ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳುತ್ತಾಳೆ. ಇಲ್ಲಿ ಅಕ್ಷರ ಹಿಗ್ಗಿಸಲು ಯಂತ್ರದಲ್ಲಿ ಶೇಕಡಾ ನೂರ ನಲವತ್ತೊಂದು ಒತ್ತಿದ್ದರು. ಟ್ರೇಯಲ್ಲಿ ಮಾಮೂಲಿ ಹಾಳೆಯನ್ನೇ ಬಿಟ್ಟಿದ್ದರು.

"ಮೇಡಂ, ಇದು ಅರ್ಧ ಪೇಪರ್."

ಹೆಡ್ ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು. "ನಮ್ಮಲ್ಲಿ ದೊಡ್ಡ ಹಾಳೆ ಇಲ್ಲ. ಪ್ರಶ್ನೆಪತ್ರಿಕೆ ಹೊರಗಿನ ಅಂಗಡಿಗೆ ಕಳಿಸೋ ಹಾಗೂ ಇಲ್ಲ, ನಿಮಗೇ ಗೊತ್ತು. ಅಷ್ಟಕ್ಕೂ ಮಗು ಯಾಕೆ ಬಾಯಿ ಬಿಡಲಿಲ್ಲ?"

ಅಕ್ಕ ಅರ್ಜಿಯ ಜೊತೆ ಆ ಹಾಳೆಗಳನ್ನೂ ಕೇಳದೆಯೇ ಚೀಲಕ್ಕೆ ಹಾಕಿಕೊಂಡು ಎದ್ದಳು.

ಸಂಜೆ ಅವನ್ನು ಪುಟ್ಟಿಯ ಮುಂದೆ ಹರಡಿದಳು. "ಯಾಕೆ ಹೇಳಲಿಲ್ಲ ನೀನು?"

ಪುಟ್ಟಿ ಲಂಗದ ಚುಂಗು ತಿರುಚುತ್ತ ಕೂತಳು. "ಅಲ್ಲಿಂದಾಚೆ ನಂಗೇ ಕಾಣ್ತಿಲ್ಲ ಅಂದ್ಕೊಂಡೆ ಅಮ್ಮ. ಕಣ್ಣು ಇನ್ನೂ ಹೋಯ್ತು ಅಂತ. ಹೇಳಿದ್ರೆ ನೀನು ಮತ್ತೆ ಆಸ್ಪತ್ರೆ ಆಸ್ಪತ್ರೆ ಅಲೀತೀಯ."

ಅಕ್ಕ ಮಗಳ ಬೆರಳು ಹಿಡಿದು ಅಂಚಿನುದ್ದಕ್ಕೂ ಸವರಿಸಿದಳು. "ಇಲ್ಲಿ ಕಾಗದನೇ ಮುಗಿದಿದೆ ಕಣೇ."

"ಹಾಗಾದ್ರೆ ನನ್ನ ಕಣ್ಣು ಮೊದಲಿನಷ್ಟೇ ಇದೆಯಾ?"

ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಶನಿವಾರ ಬೆಳಗ್ಗೆ ಅಕ್ಕ ಅಂಗಡಿಗೆ ಬಂದಳು. ವಿಷಯ ಕೇಳಿ ಭಾವ ತಲೆಯಾಡಿಸಿದರು.

"ತಪ್ಪು ಅವರದ್ದೇ, ಯಾರಿಲ್ಲ ಅಂದ್ರು? ಆದ್ರೆ ಶಾಲೆ ಕೆಲಸವೆಲ್ಲ ನಮ್ಮಂಗಡಿಗೇ ಬರೋದು. ದೂರು ಗೀರು ಅಂತ ಹೋದ್ರೆ ಎಲ್ಲರ ಹೊಟ್ಟೆ ಮೇಲೂ ಹೊಡೆತ ಬೀಳತ್ತೆ. ಒಂದು ಗಣಿತ ಬಿಟ್ರೆ ಆಕಾಶ ಕಳಚಿ ಬೀಳತ್ತಾ?"

"ನಿಮ್ಮ ಮಗನ ಗಣಿತ ಆಗಿದ್ರೆ, ಭಾವ?"

ಭಾವ ಟ್ರೇ ಎಳೆದು, ಸರಿಯಾಗಿಯೇ ಇದ್ದ ಹಾಳೆಗಳನ್ನು ಮತ್ತೆ ಸರಿ ಮಾಡತೊಡಗಿದರು.

ಹನ್ನೊಂದೂವರೆಯಾಗಿತ್ತು. ಗಣಿತ ಬಿಡಿಸುವ ಅರ್ಜಿ ಖಾಲಿಯಾಗಿಯೇ ಚೀಲದಲ್ಲಿತ್ತು. ಅಕ್ಕ ಆದೇಶದ ಪ್ರತಿ ಹೊರತೆಗೆದಳು. ಕುರುಡರಿಗೆ, ಮಂದದೃಷ್ಟಿಯವರಿಗೆ ಏನೇನು ಕೊಡಬೇಕೆಂದು ಎರಡು ಪುಟ ಬರೆದು, ಕೊಡದಿದ್ದರೆ ಕರೆ ಮಾಡಬೇಕಾದ ಸಂಖ್ಯೆಯನ್ನು ತಳದಲ್ಲಿ ಇರುವೆ ಸಾಲಿನಂತೆ ಅಚ್ಚು ಹಾಕಿದ್ದರು. ಅವಳಿಗೇ ಎರಡು ಸಲ ಕಣ್ಣು ಕಿರಿದಾಗಿಸಬೇಕಾಯಿತು. ಭಾವನಿಗೆ ಕಾಣುವಂತೆಯೇ ನಿಂತು ಸಂಖ್ಯೆ ಒತ್ತಿದಳು.

"ಹೇಳಿ, ಯಾರ ಮೇಲೆ ದೂರು?" ಎಂದಿತು ಫೋನಿನ ಆ ಕಡೆಯ ದನಿ.

"ಶಾಲೆ ಮೇಲೊಂದು, ನನ್ನ ಮೇಲೊಂದು," ಎಂದಳು ಅಕ್ಕ. "ದೊಡ್ಡ ಅಕ್ಷರದ ಪೇಪರ್ ಕೊಟ್ಟಿದಾರೆ ಅಂತ ನೋಡದೆ ಸಹಿ ಹಾಕಿಬಿಟ್ಟಿದೀನಿ. ಮೊದಲು ಅದನ್ನ ವಾಪಸ್ ತಗೋಬೇಕು. ಬರ್ಕೊಳ್ಳಿ."