ಅತ್ತೆಯ ಡಬ್ಬಿಯ ಅಕ್ಷಾಂಶ

ಆ ರವಿವಾರ ಬೆಳಿಗ್ಗೆ ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ ಮೂವರಿದ್ದೆವು. ಕಂಪ್ಯೂಟರಿನ ಮುಂದೆ ನಾನು. ನನ್ನ ಬೆನ್ನ ಹಿಂದೆ, ಗಜೇಂದ್ರಗಡದಿಂದ ಮೊದಲ ಬಸ್ಸು ಹಿಡಿದು ಬಂದಿದ್ದ ಗೆಳೆಯ ರಾಜೇಸಾಬ. ಅಡುಗೆಮನೆಯ ಬಾಗಿಲ ಬಳಿ ಕುಳಿತು ಮೆಂತ್ಯಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ನೀಲವ್ವ. ಮೇಜಿನ ಮೇಲೆ ಅಂಗೈಯಗಲದ ಹಳದಿ ಜಿಪಿಎಸ್ ಯಂತ್ರವೊಂದು ತನ್ನ ಬಾಲದಂಥ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಕುಳಿತಿತ್ತು. ಕಂಪ್ಯೂಟರನ್ನು ನಡೆಸುವ ಹಳೆಯ ವ್ಯವಸ್ಥೆಯನ್ನು ತೆಗೆದು ಲಿನಕ್ಸ್ ಎಂಬ ಹೊಸದನ್ನು ಹಾಕಿ ನಾಲ್ಕು ದಿನವಾಗಿತ್ತು. ಅಂದಿನಿಂದ ಇವೆರಡೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ವಾರಗಿತ್ತಿಯರಂತೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಇವತ್ತು ಮಾತಾಡಿಸಿಯೇ ಏಳುವುದೆಂದು ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದೆ. ಕಂಪ್ಯೂಟರ್ ಕೆಲಸಕ್ಕೆ ಇಸ್ತ್ರಿ ಅಂಗಿ ಯಾಕೆಂದು ಕೇಳಬೇಡಿ. ಸಡಗರಕ್ಕೆ ಕಾರಣ ಇರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಆದರೆ ದಾರಿ ತಪ್ಪುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿಲ್ಲ. ಒಮ್ಮೆ ಪರೀಕ್ಷೆಯ ಕೆಲಸಕ್ಕೆ ನರಗುಂದಕ್ಕೆ ಹೋಗಿ, ಬಜಾರದಲ್ಲೇ ಸುತ್ತಿ ಸುತ್ತಿ, ಒಂದೇ ಚಹದಂಗಡಿಯವನ ಬಳಿ ಮೂರು ಸಲ ದಾರಿ ಕೇಳಿದ್ದೆ. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಅವನು ಕೈ ಚಾಚಿ ತೋರಿಸಿದ, ಒಂದು ಕಪ್ ಚಹವನ್ನೂ ಕೊಟ್ಟ. ಆಕಾಶದಲ್ಲಿ ಉಪಗ್ರಹಗಳನ್ನು ನಿಲ್ಲಿಸಿ ಭೂಮಿಯ ಮೇಲೆ ನೀನು ಇಂಥಲ್ಲಿದ್ದೀಯ ಎಂದು ಹೇಳುವ ಯಂತ್ರ ಕಂಡುಹಿಡಿದವರು ನನ್ನನ್ನು ಎಲ್ಲೋ ನೋಡಿರಬೇಕು.

ಯಂತ್ರ ಬಂದದ್ದು ರಾಜೇಸಾಬನ ಮೂಲಕ. ಅವನು ಗಜೇಂದ್ರಗಡದಲ್ಲಿ ಸೀರೆ ನೇಯುವವನು. ಅಲ್ಲಿಯ ಗುಡ್ಡದ ಮೇಲೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಎತ್ತರದ ಯಂತ್ರಗಳನ್ನು ನಿಲ್ಲಿಸಲು ಬಂದಿದ್ದ ಇಂಜಿನಿಯರೊಬ್ಬರು ಅವನ ಮನೆಯಲ್ಲಿ ಬಾಡಿಗೆಗಿದ್ದರು. ಊರವರು ಆ ಯಂತ್ರಗಳನ್ನು ಫ್ಯಾನು ಎಂದೇ ಕರೆಯುತ್ತಾರೆ. ಫ್ಯಾನುಗಳೆಲ್ಲ ತಿರುಗತೊಡಗಿದ ಮೇಲೆ ಇಂಜಿನಿಯರರು ಊರು ಬಿಟ್ಟರು. ಹೋಗುವಾಗ ತಮ್ಮ ಹಳೆಯ ಜಿಪಿಎಸ್ಸನ್ನು ಪ್ರೀತಿಯಿಂದ ರಾಜೇಸಾಬನ ಕೈಗಿಟ್ಟರು. ಭೂಗೋಳ ನಿಮ್ಮ ಇಲಾಖೆ ಎಂದು ಅವನು ಅದನ್ನು ನನ್ನ ಕೈಗಿಟ್ಟ.

ಅದನ್ನಿಟ್ಟುಕೊಂಡು ಆಡುವ ಆಟವೊಂದಿದೆ, ಜಿಯೋಕ್ಯಾಶಿಂಗ್ ಎಂದು. ಒಬ್ಬ ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾನೆ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಸಾರುತ್ತಾನೆ. ಮಿಕ್ಕವರು ಯಂತ್ರ ಹಿಡಿದು ಹುಡುಕಿ, ಡಬ್ಬಿಯೊಳಗಿನ ಪುಸ್ತಕದಲ್ಲಿ ರುಜು ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇಡೀ ಜಗತ್ತು ಕಣ್ಣಾಮುಚ್ಚಾಲೆ ಆಡುತ್ತಿರುವಾಗ ನಮ್ಮ ಸೀಮೆ ಸುಮ್ಮನೆ ಕುಳಿತಿದೆಯಲ್ಲ! ನಾನು ಗಜೇಂದ್ರಗಡದ ಗುಡ್ಡದಲ್ಲಿ ಒಂದು ಡಬ್ಬಿ ಇಡುವುದು, ರಾಜೇಸಾಬ ಹುಡುಕಿ ಪಾಸು ಮಾಡುವುದು, ಆಮೇಲೆ ಜಗತ್ತಿಗೆ ಸಾರುವುದು ಎಂದು ಕರಾರಾಯಿತು.

ಡಬ್ಬಿ ಬೇಕಲ್ಲ. ಪಂಚಮಿ ಮುಗಿದ ಹೊಸತು. ಹೊಳೆಮಣ್ಣೂರಿನಿಂದ ನನ್ನ ಹೆಂಡತಿಯ ಅಣ್ಣ ಪಂಚಮಿಯ ಉಂಡಿ ತಂದುಕೊಟ್ಟ ಸ್ಟೀಲಿನ ಡಬ್ಬಿ ಗೋಡೆಯ ಮಾಡದಲ್ಲಿ ಕುಳಿತಿತ್ತು, ಒಳಗೆ ಒಂದೇ ಒಂದು ಉಂಡಿ ಉಳಿದಿತ್ತು. ಗಟ್ಟಿ ಮುಚ್ಚಳ, ಮಳೆನೀರು ಒಳಗಿಳಿಯದು. ಮೈಮೇಲೆ 'ಗಂಗವ್ವ, ಹೊಳೆಮಣ್ಣೂರ' ಎಂದು ಅತ್ತೆಯ ಹೆಸರು ಕೊರೆದಿತ್ತು. ಮುಚ್ಚಳ ಮಾತ್ರ ಖಾಲಿ. ಖಾಲಿ ಜಾಗ ಕಂಡರೆ ನನಗೆ ಕೈ ಕಡಿಯುತ್ತದೆ. ಗುಡ್ಡಕ್ಕೊಮ್ಮೆ ಹೋಗಿ ಜಾಗ ಗೊತ್ತುಮಾಡಿ, ಅದರ ಅಕ್ಷಾಂಶ ರೇಖಾಂಶಗಳನ್ನು ಬಜಾರದ ಪಾತ್ರೆ ಅಂಗಡಿಯಲ್ಲಿ ಮುಚ್ಚಳದ ಮೇಲೆ ಕೊರೆಸಿದೆ. ದನ ಕಾಯುವವರು ಯಾರಾದರೂ ಎತ್ತಿದರೂ ಮರಳಿ ಎಲ್ಲಿಡಬೇಕೆಂದು ಡಬ್ಬಿಯೇ ಹೇಳಬೇಕು ಎಂಬುದು ನನ್ನ ದೂರಾಲೋಚನೆ. ಕೊರೆಯುವವನು ಅಂಕಿಗಳನ್ನು ನೋಡಿ, ಇದು ಯಾರ ಲಗ್ನದ ತಾರೀಖು ಎಂದು ಕೇಳಿದ್ದ.

ನಮ್ಮ ಹಿರಿಯರಿಗೆ ಈ ಅಂಕಿಗಳು ಬೇಕಿರಲಿಲ್ಲ. ಅವರ ಬಳಿ ಹರದಾರಿ ಇತ್ತು, ಗಾವುದ ಇತ್ತು, ಇವೆರಡಕ್ಕಿಂತ ಚೆಂದದ ಕೂಗಳತೆ ಇತ್ತು. ಮನುಷ್ಯನ ಕೂಗು ಮುಟ್ಟುವಷ್ಟು ದೂರ, ಅಷ್ಟೇ. ಗಂಟಲು ದೊಡ್ಡದಿದ್ದವನಿಗೆ ಊರುಗಳೆಲ್ಲ ಹತ್ತಿರ. ಜಕ್ಕಲಿಯ ನನ್ನಜ್ಜ ಯಾವಗಲ್ ಊರಿಗೆ ದಾರಿ ಹೇಳುವ ರೀತಿ ಇನ್ನೂ ನೆನಪಿದೆ: ಬೇವಿನ ಗಿಡ ದಾಟು, ಬಿಸಿಲು ಎಡಗೆನ್ನೆಗೆ ಬೀಳುವಂತೆ ನಡೆ, ಕರಿನಾಯಿ ಬೊಗಳಿದ ಕೂಡಲೇ ಬಲಕ್ಕೆ ತಿರುಗು. ನಾಯಿ ಸತ್ತರೆ ಏನು ಮಾಡುವುದೆಂದು ನಾನು ಕೇಳಿದ್ದೆ. ಅದರ ಮರಿ ಬೊಗಳುತ್ತದೆ ಎಂದಿದ್ದ. ನೋಡಿದ್ದು, ಕೇಳಿದ್ದು, ಕೆನ್ನೆಗೆ ತಾಗಿದ್ದು, ಎಲ್ಲವೂ ಅವನ ದಾರಿಯಲ್ಲಿ ಸೇರಿದ್ದವು. ನಾನೋ, ಡಬ್ಬಿ ಇಟ್ಟ ದಿನ ಯಂತ್ರದ ಗುಂಡಿ ಒತ್ತಿ ಜಾಗವನ್ನು ಅದರ ಹೊಟ್ಟೆಗೆ ಹಾಕಿ, ನನ್ನ ತಲೆಯನ್ನು ಹಗುರ ಮಾಡಿಕೊಂಡು ಇಳಿದು ಬಂದಿದ್ದೆ; ಮನೆಯಲ್ಲಿ ಕಂಪ್ಯೂಟರಿಗೂ ಒಂದು ಪ್ರತಿ ಇಳಿಸಿದ್ದೆ.

ಆಮೇಲೆ ರಾಜೇಸಾಬನಿಗೆ ಲಗ್ನದ ಸೀರೆಗಳ ಕೆಲಸ ಹತ್ತಿತು. ನನ್ನ ಕಂಪ್ಯೂಟರಿಗೆ ವೈರಸ್ಸು ಹತ್ತಿತು. ಪ್ರಶ್ನಪತ್ರಿಕೆ ಬರೆಯಲು ಕುಳಿತರೆ ಅದು ತಾನೇ ಮುಚ್ಚಿಕೊಂಡು ಮಲಗುತ್ತಿತ್ತು. ಬೇಸತ್ತು ಎಲ್ಲವನ್ನೂ ಒರೆಸಿ, ಸಿಡಿಯೊಂದನ್ನು ತರಿಸಿ ಲಿನಕ್ಸ್ ಹಾಕಿದೆ. ಹೊಸ ಮನೆಗೆ ಬಂದವನಂತೆ ಹಿಗ್ಗಿದ್ದೆ; ಆದರೆ ಹೊಸ ಮನೆಯಲ್ಲಿ ಜಿಪಿಎಸ್ಸಿಗೆ ಬಾಗಿಲು ತೆರೆಯಲಿಲ್ಲ. ತಪ್ಪು ಯಂತ್ರದ್ದೇ ಇರಬೇಕೆಂದು ಅನುಮಾನಿಸಿ, ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಂತೆ ಎರಡು ಗುಂಡಿ ಒಟ್ಟಿಗೆ ಒತ್ತಿ ಅದನ್ನು ಹುಟ್ಟಿದ ದಿನದ ಸ್ಥಿತಿಗೆ ತಂದೆ. ಆಗಲೂ ತೆರೆಯಲಿಲ್ಲ.

ಆ ರವಿವಾರ ಗೊತ್ತಾದದ್ದು ಇಷ್ಟು: ಲಿನಕ್ಸಿನಲ್ಲಿ ಪ್ರತಿ ಬಾಗಿಲಿಗೂ ಕಾವಲು. ವೈರು ಸಿಕ್ಕಿಸಿದ ಬಾಗಿಲನ್ನು ಮುಟ್ಟಲು ನಿನಗೆ ಅನುಮತಿ ಇಲ್ಲ ಎಂದು ಪರದೆ ನನಗೇ ಹೇಳುತ್ತಿತ್ತು. ರಾಜೇಸಾಬ ಬಗ್ಗಿ ಓದಿಸಿಕೊಂಡು ನಕ್ಕ.

"ಮಾಸ್ತರ, ಮನಿ ಯಜಮಾನಗ ನೀ ಯಾರು ಅಂತ ಕೇಳತೈತಲ್ರಿ ಇದು. ನಮ್ಮ ಮನ್ಯಾಗೂ ಹಿಂಗ ಐತಿ, ಆದರ ಕಂಪ್ಯೂಟರ್ ಇಲ್ಲ."

ನನಗೇ ನಾನು ಅನುಮತಿ ಕೊಟ್ಟುಕೊಳ್ಳುವ ಒಂದು ಸಾಲನ್ನು ಅಕ್ಷರ ಅಕ್ಷರ ನೋಡಿ ಬಡಿದೆ. ಕಂಪ್ಯೂಟರ್ ಮುಚ್ಚಿ ತೆರೆದೆ. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಯಂತ್ರದ ಹೆಸರು ಬಂತು, ಅದರ ನಂಬರು ಬಂತು! ರಾಜೇಸಾಬ ನನ್ನ ಭುಜ ಹಿಡಿದು ಅಲುಗಾಡಿಸಿದ. ವಾರಗಿತ್ತಿಯರು ಮಾತಾಡಿದ್ದರು. ಇನ್ನು ಡಬ್ಬಿಯ ಜಾಗ ಇಳಿಸಿಕೊಳ್ಳುವುದೊಂದೇ ಎಂದು ಮತ್ತೊಂದು ಸಾಲು ಬಡಿದೆ. ಉತ್ತರ ಒಂದೇ ಅಂಕಿಯಲ್ಲಿ ಬಂತು: ಸೊನ್ನೆ. ಮಾತು ಕೂಡಿತ್ತು, ಆದರೆ ಹೇಳಲು ಅದರ ಬಳಿ ಏನೂ ಉಳಿದಿರಲಿಲ್ಲ. ನಾನೇ ಒರೆಸಿದ್ದೆ.

ಸರಿಯಾಗಿ ಆ ಹೊತ್ತಿಗೆ ನೀಲವ್ವ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಕೇಳಿದಳು.

"ಅಣ್ಣ ಬುಧವಾರ ಬರ್ತಾನ, ದೀಪಾವಳಿಗೆ ಕರೀಲಿಕ್ಕೆ. ಅವ್ವನ ಡಬ್ಬಿ ಕಾಣವಲ್ದು. ನೀವೇನರ ನೋಡಿರೇನು?"

ಈ ಡಬ್ಬಿಯ ವಿಷಯ ನಿಮಗೆ ಹೇಳಬೇಕು. ಅತ್ತೆ ಇದ್ದಾಗ ಪ್ರತಿ ಪಂಚಮಿಗೆ ಮಗಳಿಗೆ ಉಂಡಿ ಬರುತ್ತಿದ್ದದ್ದು ಇದರಲ್ಲೇ. ತವರಿನ ಡಬ್ಬಿ ಖಾಲಿ ಮರಳಬಾರದು. ದೀಪಾವಳಿಗೆ ನೀಲವ್ವ ಅದರ ತುಂಬ ಕರ್ಚಿಕಾಯಿ ಹಾಕಿ ಒಯ್ಯುತ್ತಾಳೆ. ಹಾಗೆ ಹೋಗಿ ಬಂದು ಇಪ್ಪತ್ತು ವರ್ಷ. ಒಂದು ವರ್ಷ ಮಲಪ್ರಭೆ ಏರಿ ತವರಿನ ಅಡುಗೆಮನೆಯ ಪಾತ್ರೆಗಳೆಲ್ಲ ಹೊಳೆಯ ಪಾಲಾದವು. ಅತ್ತೆಯ ಹೆಸರಿನದೆಂದು ಉಳಿದದ್ದು ಇದೊಂದೇ, ಆಗ ಅದು ನಮ್ಮ ಮನೆಯಲ್ಲಿತ್ತೆಂದು. ಅತ್ತೆ ಹೋದ ಮೇಲೂ ಅಣ್ಣ ಉಂಡಿ ಬೇರೆ ಯಾವುದರಲ್ಲೂ ತರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಉತ್ಸಾಹ ಹೆಚ್ಚಾದಾಗ ಗೊತ್ತಿದ್ದದ್ದು ಮೊದಲು ಮರೆಯುತ್ತದೆ.

ಡಬ್ಬಿ ಗಜೇಂದ್ರಗಡದ ಗುಡ್ಡದ ಮೇಲಿದೆ ಎಂದೆ. ಗುಡ್ಡದ ಮೇಲೆ ಎಲ್ಲಿ ಎಂದಳು.

"ಅದನ್ನ ಡಬ್ಬಿ ಮುಚ್ಚಳದ ಮ್ಯಾಲ ಬರಸೀನಿ" ಎಂದೆ.

ರಾಜೇಸಾಬ ಮೆಲ್ಲಗೆ ನಡೆದು ಸೊಪ್ಪಿನ ಬುಟ್ಟಿಯ ಮುಂದೆ ಕುಳಿತು ತಾನೇ ಸೋಸತೊಡಗಿದ. ಜಾಗವನ್ನು ನಾನು ಮೂರು ಕಡೆ ಬರೆದಿಟ್ಟಿದ್ದೆ. ಕಂಪ್ಯೂಟರಿನದನ್ನು ಒರೆಸಿದವನು ನಾನು, ಯಂತ್ರದ್ದನ್ನು ಒರೆಸಿದವನೂ ನಾನು, ಮೂರನೆಯದು ಡಬ್ಬಿಯ ಜೊತೆ ಗುಡ್ಡ ಹತ್ತಿ ಕುಳಿತಿತ್ತು.

ನೀಲವ್ವ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ತುಂಬಿದ ಕಣ್ಣನ್ನು ಒರೆಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ ನನ್ನೆದುರು ಕುಳಿತಳು.

"ಯಂತ್ರ ಏನ್ ನೋಡ್ತು ಅನ್ನೂದು ಬಿಡ್ರಿ. ನೀವೇನ್ ನೋಡಿದ್ರಿ, ಅದನ್ನ ಹೇಳ್ರಿ."

ಏನೂ ನೋಡಲಿಲ್ಲ, ಬಂಡೆಯೊಂದರ ಬುಡಕ್ಕೆ ಇಟ್ಟೆ, ಅಂಥ ಬಂಡೆ ಅಲ್ಲಿ ಸಾವಿರ ಇವೆ ಎಂದೆ. ಇಡುವ ಮೊದಲು ಉಳಿದ ಉಂಡಿಯನ್ನು ಏನು ಮಾಡಿದಿರಿ ಎಂದಳು. ಅಲ್ಲೇ ಕುಳಿತು ತಿಂದೆ ಎಂದೆ.

"ತಿನ್ನುವಾಗ ಕಣ್ಣು ಮುಚ್ಚಿದ್ರೇನು?"

ಮುಚ್ಚಿರಲಿಲ್ಲ. ಉಂಡಿಯ ರುಚಿ ಹಿಡಿದು ಒಂದೊಂದೇ ನೆನಪಾಯಿತು. ಗುಡ್ಡದ ಅಂಚಿಗೆ ಕಾಲು ಇಳಿಬಿಟ್ಟು ಕುಳಿತಿದ್ದೆ. ಕೆಳಗೆ ಬಸ್ ನಿಲ್ದಾಣ ನನ್ನ ಕಾಲಿನ ಹೆಬ್ಬೆರಳಿನಡಿ ಬೆಂಕಿಪೆಟ್ಟಿಗೆಯಷ್ಟಿತ್ತು. ಬಲಕ್ಕೆ ತಿರುಗಿದರೆ ಮೂರು ಫ್ಯಾನುಗಳು ಒಂದರ ಹಿಂದೊಂದು ಅಡಗಿ, ಒಂದೇ ಕಂಬಕ್ಕೆ ಒಂಬತ್ತು ರೆಕ್ಕೆ ಮೂಡಿದಂತೆ ಕಾಣುತ್ತಿದ್ದವು. ಉಂಡಿ ಮುಗಿಯುವವರೆಗೆ ಅದನ್ನೇ ಎಣಿಸಿದ್ದೆ.

"ಹಂಗಾರ ನಡೀರಿ" ಎಂದಳು.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹೊರಟೆವು. ಗುಡ್ಡದ ಮೇಲೆ ಮೊಳಕಾಲುದ್ದ ಹುಲ್ಲು ಬೆಳೆದು ಬಂಡೆಗಳೆಲ್ಲ ಒಂದೇ ಬಣ್ಣದ ಟೊಪ್ಪಿಗೆ ಹಾಕಿದಂತಿದ್ದವು. ನೀಲವ್ವ ಅಂಚು ಹಿಡಿದು ಮುಂದೆ ನಡೆದಳು, ಕಣ್ಣು ಫ್ಯಾನುಗಳ ಮೇಲೆ. ಮೊದಲು ಮೂರೂ ಬೇರೆ ಬೇರೆ ಇದ್ದವು. ನಡೆದಂತೆ ನಡೆದಂತೆ ಒಂದಕ್ಕೊಂದು ಹತ್ತಿರ ಸರಿದವು. ಎರಡಾದವು. ಇನ್ನೂ ಹತ್ತು ಹೆಜ್ಜೆಗೆ ಒಂದಾದವು, ಒಂಬತ್ತು ರೆಕ್ಕೆಯ ಒಂದು. ನೀಲವ್ವ ನಿಂತಳು. ಗುಡ್ಡದ ಅಂಚು ಒಂದು ಗೆರೆ, ಫ್ಯಾನುಗಳ ಸಾಲು ಇನ್ನೊಂದು ಗೆರೆ, ಎರಡೂ ಕೂಡುವ ಚುಕ್ಕೆಯ ಮೇಲೆ ನನ್ನ ಹೆಂಡತಿ. ಅಕ್ಷಾಂಶ ರೇಖಾಂಶ ಎಂದರೆ ಇಷ್ಟೇ ಎಂದು ನಾನು ಎಷ್ಟು ವರ್ಷಗಳಿಂದ ಹಲಗೆಯ ಮೇಲೆ ಗೆರೆ ಎಳೆದು ಹೇಳುತ್ತ ಬಂದಿದ್ದೇನೆ. ನನಗೆ ತಿಳಿದದ್ದು ಅಂದು.

ಹಾವಿದ್ದೀತೆಂದು ರಾಜೇಸಾಬ ಕೋಲಿನಿಂದ ಹುಲ್ಲು ಬಡಿಯತೊಡಗಿದ. ನಾಲ್ಕನೆಯ ಬಂಡೆಯ ಬುಡದಲ್ಲಿ ಕೋಲು ಟಣ್ ಎಂದಿತು.

ನೀಲವ್ವ ಡಬ್ಬಿಯನ್ನು ಸೆರಗಿನಿಂದ ಒರೆಸಿ ಮೊದಲು ಅವ್ವನ ಹೆಸರಿನ ಮೇಲೆ ಬೆರಳಾಡಿಸಿದಳು, ಆಮೇಲೆ ಮುಚ್ಚಳ ನೋಡಿದಳು, ಆಮೇಲೆ ನನ್ನನ್ನು. ಡಬ್ಬಿ ಮೊದಲು ಹುಡುಕಿದವರು ಒಳಗಿನ ಪುಸ್ತಕದಲ್ಲಿ ರುಜು ಹಾಕಬೇಕೆಂದು ರಾಜೇಸಾಬ ನಿಯಮ ನೆನಪಿಸಿದ. ಅವಳು ಪೆನ್ಸಿಲು ಹಿಡಿದು ಹೆಸರು ಬರೆದಳು. ಅಷ್ಟರಲ್ಲಿ ನಾನು ತಡೆಯಲಾರದೆ ಯಂತ್ರ ಚಾಲೂ ಮಾಡಿದ್ದೆ. ಅದು ಆಕಾಶವನ್ನೆಲ್ಲ ವಿಚಾರಿಸಿಕೊಂಡು ಅಂಕಿ ತೋರಿಸಿತು. ಮುಚ್ಚಳದ ಅಂಕಿಗೂ ಅದಕ್ಕೂ ಕೊನೆಯದೊಂದು ಮಾತ್ರ ಬೇರೆಯಿತ್ತು. ಯಾವುದು ಸರಿ ಎಂದು ಅವಳು ಕೇಳಿದಳು.

"ಡಬ್ಬಿ ಸಿಕ್ಕದ್ದು ಖರೇ ಅಕ್ಕಾರ, ಉಳಿದದ್ದು ಹ್ಯಾಂಗರ ಇರವಲ್ದ್ಯಾಕ" ಎಂದ ರಾಜೇಸಾಬ.

ಆಟಕ್ಕೆ ಈಗ ಅಲ್ಲಿ ಅವನ ಮಗ್ಗದ ಮನೆಯ ಪ್ಲಾಸ್ಟಿಕ್ ಡಬ್ಬಿಯೊಂದಿದೆ.

ಬುಧವಾರ ನೀಲವ್ವನ ಅಣ್ಣ ಬಂದ. ಡಬ್ಬಿ ಕರ್ಚಿಕಾಯಿ ತುಂಬಿಕೊಂಡು ತವರಿಗೆ ಹೋಯಿತು. ಮುಚ್ಚಳದ ಮೇಲಿನ ಅಂಕಿ ಏನೆಂದು ಅವನು ಕೇಳಿದ್ದಕ್ಕೆ ನೀಲವ್ವ ಬಸ್ ನಿಲ್ದಾಣದವರೆಗೂ ಕತೆ ಹೇಳಿದಳು. ಅವನು ನಗಲಿಲ್ಲ, ಬರಿ ತಲೆಯಾಡಿಸಿದ.

ಮುಂದಿನ ಪಂಚಮಿಗೆ ಡಬ್ಬಿ ಶೇಂಗಾ ಉಂಡಿ ತುಂಬಿಕೊಂಡು ಮರಳಿ ಬಂತು. ಮುಚ್ಚಳದ ಮೇಲೆ, ನನ್ನ ಅಂಕಿಗಳ ಕೆಳಗೆ, ಹೊಸದಾಗಿ ಕೊರೆಸಿದ ಒಂದು ಸಾಲಿತ್ತು: 'ಗುಡ್ಡಕ್ಕ ಒಯ್ಯಬಾರದು.'